ಗೋಬರ್ ಗ್ಯಾಸ್ ಗುಂಡಿಯೊಳಗಿನ ಸಂಸಾರ

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಸಗಣಿಯಿಂದ ಅಡಿಗೆಯ ಅನಿಲ ತಯಾರಿಸುವ ಗೋಬರ್ ಗ್ಯಾಸ್ ತೊಟ್ಟಿಯಿದೆ. ಕೊಟ್ಟಿಗೆಯಿಂದ ಬಾಚಿದ ಸಗಣಿಗೆ ಹೆಚ್ಚುಕಡಿಮೆ ಅಷ್ಟೇ ನೀರು ಬೆರೆಸಿ, ಹುಲ್ಲುಕಡ್ಡಿಗಳನ್ನು ಕೈಯಿಂದಲೇ ಆರಿಸಿ ತೆಗೆದು, ಗಂಟಿಲ್ಲದಂತೆ ಕದಡಿ ಒಳಗೆ ಬಿಡುತ್ತೇವೆ. ಹುಲ್ಲು ಉಳಿದರೆ ಅದು ಮೇಲೆ ತೇಲಿ ದಪ್ಪ ಪದರವಾಗಿ ಅನಿಲಕ್ಕೆ ಅಡ್ಡಿಯಾಗುತ್ತದೆ.

ತೊಟ್ಟಿಯ ನೆಲದಡಿಯ ಗುಮ್ಮಟದೊಳಗೆ ಆಮ್ಲಜನಕವಿಲ್ಲ. ಅಲ್ಲಿನ ಕೆಲಸಕ್ಕೆ ಅದು ಇರಲೂಬಾರದು. ಮೊದಲ ಗುಂಪಿನ ಬ್ಯಾಕ್ಟೀರಿಯಾಗಳು ದನಕ್ಕೆ ಜೀರ್ಣವಾಗದೆ ಉಳಿದ ನಾರನ್ನು ಸಕ್ಕರೆಯಾಗಿ ಒಡೆಯುತ್ತವೆ, ಎರಡನೆಯವು ಆ ಸಕ್ಕರೆಯನ್ನು ಬಗೆಬಗೆಯ ಆಮ್ಲಗಳಾಗಿಸುತ್ತವೆ, ಮೂರನೆಯವು ಅವುಗಳಿಂದ ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್ ತಯಾರಿಸುತ್ತವೆ. ಇವನ್ನು ಒಲೆಯಲ್ಲಿ ಉರಿಯುವ ಮೀಥೇನ್ ಅನಿಲವಾಗಿಸುವ ಕೊನೆಯ ಗುಂಪಿನವು ಬ್ಯಾಕ್ಟೀರಿಯಾಗಳೇ ಅಲ್ಲ. ಅವು ಆರ್ಕಿಯಾ ಎಂಬ ಬೇರೆಯೇ ಕುಲಕ್ಕೆ ಸೇರಿದವೆಂದು 1977ರಲ್ಲಿ ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು. ದನದ ಹೊಟ್ಟೆಯಲ್ಲೇ ವಾಸವಿರುವ ಇವು ಸಗಣಿಯೊಂದಿಗೇ ಬರುವುದರಿಂದ ಬೇರೆ ಹೆಪ್ಪು ಹಾಕಬೇಕಿಲ್ಲ.

ನನಗೆ ಅತ್ಯಂತ ಕುತೂಹಲಕರವೆನಿಸುವುದು ಮೂರನೆಯ ಮತ್ತು ನಾಲ್ಕನೆಯ ಗುಂಪುಗಳ ನಂಟು. ಹೈಡ್ರೋಜನ್ ಸುತ್ತಲೂ ತುಂಬಿಕೊಂಡರೆ ಅದನ್ನು ತಯಾರಿಸುವವುಗಳ ಕೆಲಸವೇ ನಿಂತುಹೋಗುತ್ತದೆ. ಆರ್ಕಿಯಾಗಳು ಅದನ್ನು ತಿಂದು ಮುಗಿಸುತ್ತಿದ್ದರೆ ಮಾತ್ರ ಮೂರನೆಯ ಗುಂಪಿನವು ಬದುಕುತ್ತವೆ. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನೆಲ್ಲ ಒಮ್ಮೆಗೇ ತೊಟ್ಟಿಗೆ ಸುರಿಯಬೇಡಿ ಎಂದು ಹಿರಿಯರು ಹೇಳುವುದಕ್ಕೂ ಇಲ್ಲೇ ಕಾರಣವಿದೆ. ಆಮ್ಲ ತಯಾರಿಸುವವು ಬೇಗ ಬೆಳೆಯುತ್ತವೆ, ಮೀಥೇನ್ ತಯಾರಿಸುವವು ನಿಧಾನ. ಹುಳಿ ಹೆಚ್ಚಾದಂತೆ ಮೀಥೇನಿನವು ಸೋಲುತ್ತವೆ. ಆಗ ಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚಾಗಿ, ಕಡ್ಡಿ ಗೀರಿದರೂ ಒಲೆ ಹತ್ತಿಕೊಳ್ಳುವುದಿಲ್ಲ. ಈ ಜೀವಿಗಳನ್ನೇ ಕೊಲ್ಲುವ, ಕೊಟ್ಟಿಗೆ ತೊಳೆದ ಫಿನಾಯಿಲ್ ನೀರನ್ನು ತೊಟ್ಟಿಗೆ ಬಿಡುವುದಂತೂ ಕೂಡದೇ ಕೂಡದು.

ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಇವುಗಳಿಗೆ ಹಿತ. ಆದ್ದರಿಂದಲೇ ಮಲೆನಾಡಿನ ಮಳೆಗಾಲದಲ್ಲಿ ಗ್ಯಾಸ್ ಕಡಿಮೆಯಾಗುತ್ತದೆ, ಬಚ್ಚಲೊಲೆಯ ಬೆಂಕಿಯಲ್ಲೇ ಅಡಿಗೆಯ ಒಂದಿಷ್ಟು ಭಾಗವೂ ಆಗಬೇಕಾಗುತ್ತದೆ.

ಅನಿಲ ಕೊಟ್ಟು ತೊಟ್ಟಿಯಿಂದ ಹೊರಬರುವ ರಾಡಿಯಲ್ಲಿ, ಅಂದರೆ ಸ್ಲರಿಯಲ್ಲಿ, ಸಗಣಿಯ ವಾಸನೆ ಬಹುಮಟ್ಟಿಗೆ ಇಳಿದಿರುತ್ತದೆ, ಆದರೆ ಗಿಡಗಳಿಗೆ ಬೇಕಾದ ಸಾರಜನಕ ಉಳಿದಿರುತ್ತದೆ. ಅದನ್ನು ಬಿಸಿಲಿನಲ್ಲಿ ಹರಡಿ ಒಣಗಿಸಿದರೆ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುವುದರಿಂದ, ನಾವು ಒಣ ಸೊಪ್ಪಿನ ಮೇಲೆ ಸುರಿದು, ಅದು ಕಳಿತ ಮೇಲೆ ಅಡಿಕೆ ಮರದ ಬುಡಕ್ಕೆ ಹಾಕುತ್ತೇವೆ.