ಇಯೂದಾಯೊಸ್: ಈ ಗ್ರೀಕ್ ಪದ ನಾಡಿನದೋ, ನಂಬಿಕೆಯದೋ?

[ಪರದೆ: ಒರೋಪೊಸ್‌ನ ಹಳೆಯ ಗುಡಿಯ ಅವಶೇಷ. ಆಮೇಲೆ ಶಾಸನದ ಕಲ್ಲು.]

ನಮಸ್ಕಾರ. ಅಥೆನ್ಸ್‌ನಿಂದ ಉತ್ತರಕ್ಕೆ ಹೋದರೆ ಒರೋಪೊಸ್ ಅಂತ ಒಂದು ಊರು. ಅಲ್ಲಿ ಆಂಫಿಯಾರವೊಸ್ ಎಂಬ ದೇವರ ಗುಡಿ ಇತ್ತು. ಕಾಯಿಲೆಯವರು ಬಂದು ಗುಡಿಯಲ್ಲೇ ಮಲಗುತ್ತಿದ್ದರು. ರಾತ್ರಿ ಕನಸಿನಲ್ಲಿ ದೇವರು ಬಂದು ಪರಿಹಾರ ಹೇಳುತ್ತಾನೆ ಎಂಬ ನಂಬಿಕೆ. ಕ್ರಿ.ಪೂ. 3ನೇ ಶತಮಾನದ ಮೊದಲರ್ಧದಲ್ಲಿ ಆ ಗುಡಿಯಲ್ಲಿ ಒಬ್ಬ ಗುಲಾಮ ಕಲ್ಲು ನೆಡಿಸಿದ. ಹೆಸರು ಮೊಸ್ಖೊಸ್. ಯಜಮಾನ ಅವನನ್ನು ಬಿಡುಗಡೆ ಮಾಡುವ ಕರಾರು ಆ ಕಲ್ಲಿನ ಮೇಲಿದೆ. ಕೊನೆಯಲ್ಲಿ ಇನ್ನೊಂದು ಮಾತೂ ಇದೆ: ಆಂಫಿಯಾರವೊಸ್ ಮತ್ತು ಹೈಜಿಯಾ ದೇವತೆ ಕನಸಿನಲ್ಲಿ ಅಪ್ಪಣೆ ಕೊಟ್ಟರು, ಅದಕ್ಕೇ ಇದನ್ನು ಕೆತ್ತಿಸಿ ಬಲಿಪೀಠದ ಪಕ್ಕ ನಿಲ್ಲಿಸಿದ್ದು ಅಂತ.

ಸರಿ, ಗುಡಿ ಗ್ರೀಕರದು, ದೇವರು ಗ್ರೀಕರದು, ಹೆಸರೂ ಗ್ರೀಕ್ ಹೆಸರೇ. ಆದರೆ ಕಲ್ಲಿನಲ್ಲಿ ಅವನ ಹೆಸರು ಹೀಗಿದೆ: ‘ಮೊಸ್ಖಿಯೋನನ ಮಗ ಮೊಸ್ಖೊಸ್, ಇಯೂದಾಯೊಸ್’.

ಇಯೂದಾಯೊಸ್ ಅಂದರೆ ಯೆಹೂದಿ ಅಂತ ನಿಘಂಟು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಆದರೆ ಒಬ್ಬನೇ ದೇವರು, ಬೇರೆ ದೇವರಿಗೆ ಕೈ ಮುಗಿಯಬಾರದು ಎಂಬ ಧರ್ಮದವನು ಇನ್ನೊಬ್ಬರ ದೇವರ ಅಪ್ಪಣೆ ಪಡೆದು ಕಲ್ಲು ನೆಡಿಸುತ್ತಾನಾ? ಹಾಗಾದರೆ ಇಲ್ಲಿ ಈ ಪದ ಅವನ ಧರ್ಮ ಹೇಳುತ್ತಿದೆಯಾ, ಊರು ಹೇಳುತ್ತಿದೆಯಾ? ಪಂಡಿತರು ಇವತ್ತಿಗೂ ಇದರ ಮೇಲೆ ಜಗಳ ಆಡುತ್ತಾರೆ. ಆ ಜಗಳ ಬರೀ ವ್ಯಾಕರಣದ್ದಲ್ಲ, ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

[ಪರದೆ: ಯೆಹೂದಾ – ಯೆಹೂದ್ – ಇಯೂದಾಯಾ – ಇಯೂದಾಯೊಸ್]

ಮೊದಲು ಪದದ ಹುಟ್ಟು, ಬೇಗ ಹೇಳಿ ಮುಗಿಸುತ್ತೇನೆ. ಬೈಬಲಿನ ಕಥೆಯಲ್ಲಿ ಯಾಕೋಬನ ಮಗ ಯೆಹೂದ. ಅವನ ಹೆಸರಿನ ಕುಲ, ಆ ಕುಲದ ಹೆಸರಿನ ರಾಜ್ಯ, ರಾಜಧಾನಿ ಜೆರುಸಲೇಮ್. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿನವರು ಆ ರಾಜ್ಯವನ್ನು ಹಾಳು ಮಾಡಿದರು. ಆಮೇಲೆ ಬಂದ ಪರ್ಷಿಯನ್ನರು ಅದನ್ನು ‘ಯೆಹೂದ್’ ಎಂಬ ಪುಟ್ಟ ಪ್ರಾಂತ್ಯ ಮಾಡಿದರು, ಆ ಹೆಸರು ಹೊತ್ತ ನಾಣ್ಯಗಳೂ ಸಿಕ್ಕಿವೆ. ಅಲೆಕ್ಸಾಂಡರ್ ಬಂದ ಮೇಲೆ ಗ್ರೀಕರ ಬಾಯಲ್ಲಿ ನಾಡು ‘ಇಯೂದಾಯಾ’ ಆಯಿತು, ಅಲ್ಲಿಯವನು ‘ಇಯೂದಾಯೊಸ್’ ಆದ. ಅಥೆನ್ಸ್‌ನವನು ‘ಅಥೆನಾಯೊಸ್’ ಆದ ಹಾಗೇ. ಇಂಗ್ಲಿಷಿನ ‘ಜ್ಯೂ’ ಕೂಡ ಇದೇ ಪದ, ಲ್ಯಾಟಿನ್ ಮತ್ತು ಹಳೆಯ ಫ್ರೆಂಚ್ ಬಾಯಿಗಳಲ್ಲಿ ಸವೆದು ಸವೆದು ಉಳಿದದ್ದು.

ಅಂದರೆ ಗ್ರೀಕ್ ಕಿವಿಗೆ ನಾಡು ಮತ್ತು ಜನ ಎರಡೂ ಒಂದೇ ಪದದಲ್ಲಿ ಕೇಳಿಸುತ್ತವೆ. ಕನ್ನಡ ಬೈಬಲ್ ಓದುವವರಿಗೆ ಹಾಗೆ ಕೇಳಿಸುವುದಿಲ್ಲ. ಅಲ್ಲಿ ನಾಡು ‘ಯೂದಾಯ’, ಜನ ‘ಯೆಹೂದ್ಯರು’. ಸುಮ್ನೆ ಓದಿಕೊಂಡು ಹೋದರೆ ಎರಡಕ್ಕೂ ನಂಟು ಇದೆ ಅಂತಲೇ ಹೊಳೆಯಲ್ಲ.

ನಮ್ಮ ಕಡೆಯ ಹೆಸರೊಂದನ್ನು ಇಟ್ಟು ಹೇಳುವುದಾದರೆ ‘ಕೊಡವ’. ಪದದೊಳಗೆ ಕೊಡಗು ಇದೆ. ಆದರೆ ಕೊಡಗಿನಲ್ಲಿ ಇರುವವರೆಲ್ಲ ಕೊಡವರಲ್ಲ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕೊಡವರೂ ಕೊಡವರೇ. ಆ ಪದವನ್ನು ಬರೀ ಜಾಗದ ಹೆಸರು ಅಂದರೂ ತಪ್ಪು, ಜಾಗಕ್ಕೆ ಸಂಬಂಧವೇ ಇಲ್ಲ ಅಂದರೂ ತಪ್ಪು.

[ಪರದೆ: ಅರಿಸ್ಟಾಟಲ್‌ನ ಪ್ರತಿಮೆ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಪದ ಗ್ರೀಕ್ ಬರಹದಲ್ಲಿ ಮೊದಮೊದಲು ಕಾಣಿಸಿಕೊಳ್ಳುವಾಗಲೇ ಪಕ್ಕದಲ್ಲಿ ಭಾರತ ಇದೆ! ಅರಿಸ್ಟಾಟಲ್‌ನ ಶಿಷ್ಯ ಕ್ಲಿಯಾರ್ಕಸ್ ಒಂದು ಪ್ರಸಂಗ ಬರೆದಿದ್ದ. ಅದರಲ್ಲಿ ಅರಿಸ್ಟಾಟಲ್ ತಾನು ಏಷ್ಯಾದಲ್ಲಿ ಒಬ್ಬ ಇಯೂದಾಯೊಸ್‌ನನ್ನು ಭೇಟಿಯಾದ ಕಥೆ ಹೇಳುತ್ತಾನೆ. ಇವರು ಭಾರತದ ತತ್ವಜ್ಞಾನಿಗಳ ಸಂತತಿ, ಆ ತತ್ವಜ್ಞಾನಿಗಳಿಗೆ ಭಾರತದಲ್ಲಿ ‘ಕಲಾನೊಯ್’ ಅಂತಾರೆ, ಸಿರಿಯಾದಲ್ಲಿ ‘ಇಯೂದಾಯೊಯ್’ (ಇಯೂದಾಯೊಸ್‌ನ ಬಹುವಚನ) ಅಂತಾರೆ, ಹೆಸರು ಬಂದದ್ದು ಅವರು ಇರುವ ಜಾಗದಿಂದ ಎನ್ನುತ್ತಾನೆ. ಅವರ ಪಟ್ಟಣದ ಹೆಸರಂತೂ ಬಾಯಿಗೆ ಹೊರಳುವುದೇ ಕಷ್ಟ ಎಂದು ಹೇಳಿ ‘ಹಿಯೆರೂಸಲೇಮೆ’ ಅನ್ನುತ್ತಾನೆ. ಕಲಾನೊಯ್ ಎಂಬ ಹೆಸರಿನ ಹಿಂದೆ ಇರುವವನು ಕಲಾನೊಸ್, ಅಂದರೆ ಅಲೆಕ್ಸಾಂಡರ್ ಜೊತೆ ಇಲ್ಲಿಂದ ಹೋಗಿ ಪರ್ಷಿಯಾದಲ್ಲಿ ತಾನೇ ಚಿತೆ ಏರಿದ ಸನ್ಯಾಸಿ.

ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸ್ ಕೂಡ ಇದೇ ಧಾಟಿ. ಪ್ರಕೃತಿಯ ಬಗ್ಗೆ ಗ್ರೀಕರ ಹಿರಿಯರು ಹೇಳಿದ್ದನ್ನೆಲ್ಲ ಹೊರಗಿನವರೂ ಹೇಳಿದ್ದಾರೆ, ಭಾರತದಲ್ಲಿ ಬ್ರಾಹ್ಮಣರು, ಸಿರಿಯಾದಲ್ಲಿ ಇಯೂದಾಯೊಯ್ ಎಂದ.

ಇದನ್ನು ಕತ್ತರಿಸಿಕೊಂಡು ‘ಯೆಹೂದಿಗಳು ಭಾರತದಿಂದ ಹೋದವರು, ಅರಿಸ್ಟಾಟಲ್ಲೇ ಹೇಳಿದ್ದಾನೆ’ ಎಂದು ದಯವಿಟ್ಟು ವಾಟ್ಸಾಪಿನಲ್ಲಿ ಓಡಿಸಬೇಡಿ. ಇದು ದೂರದ ಜ್ಞಾನಿಗಳ ಬಗ್ಗೆ ಗ್ರೀಕರು ಕಟ್ಟಿಕೊಂಡ ಕಲ್ಪನೆ, ಚರಿತ್ರೆ ಅಲ್ಲ. ನಮಗೆ ಇಲ್ಲಿ ಬೇಕಾದ್ದು ಒಂದೇ ವಿಷಯ: ಆ ಕಾಲದ ಗ್ರೀಕನಿಗೆ ಇಯೂದಾಯೊಸ್ ಅಂದರೆ ಒಂದು ನಾಡಿನ ಜನ, ಏನೋ ಬೇರೆ ಥರದ ನಡೆನುಡಿ ಇರುವವರು, ಅಷ್ಟೇ. ಆ ಲೆಕ್ಕದಲ್ಲಿ ಮೊಸ್ಖೊಸ್‌ನ ಕಲ್ಲೂ ಒಗಟಲ್ಲ. ಹುಟ್ಟಿನಿಂದ ಅವನು ಇಯೂದಾಯೊಸ್. ಕನಸು ಯಾವ ದೇವರದಾದರೂ ಆಗಿರಲಿ.

[ಪರದೆ: ಕ್ರಿ.ಪೂ. 167, ಆಂಟಿಯೋಕಸ್]

ಪದ ಹಿಗ್ಗಲು ಶುರುವಾದದ್ದು ಕ್ರಿ.ಪೂ. 2ನೇ ಶತಮಾನದಲ್ಲಿ. ಸಿರಿಯಾದ ಗ್ರೀಕ್ ದೊರೆ 4ನೇ ಆಂಟಿಯೋಕಸ್ ಜೆರುಸಲೇಮಿನ ಆಚರಣೆಗಳನ್ನೇ ನಿಷೇಧ ಮಾಡಿದ. ಮಕ್ಕಬಿಯರು ಎಂಬ ಅಲ್ಲಿನ ಪುರೋಹಿತ ಮನೆತನದವರು ದಂಗೆ ಎದ್ದರು. ಆ ಹೋರಾಟದ ಗ್ರೀಕ್ ಕಥನದಲ್ಲೇ ನಮಗೆ ಮೊದಲ ಸಲ ‘ಇಯೂದಾಯಿಸ್ಮೊಸ್’ ಎಂಬ ಪದ ಸಿಗುವುದು. ಅಂದರೆ ಇಯೂದಾಯೊಸ್ ಆಗಿ ಬದುಕುವ ರೀತಿ, ಅದನ್ನು ಪಟ್ಟು ಹಿಡಿದು ಉಳಿಸಿಕೊಳ್ಳುವುದು. ಬರೀ ಹುಟ್ಟಿನಿಂದ ಬರುವುದಾದರೆ ಪಟ್ಟು ಹಿಡಿಯುವ ಮಾತೇ ಬರುವುದಿಲ್ಲ, ಅಲ್ವಾ?

ಆ ದಂಗೆಯಿಂದ ಎದ್ದು ಬಂದ ರಾಜವಂಶದವನು ಯೋಹಾನ ಹಿರ್ಕಾನಸ್. ಅವನು ಪಕ್ಕದ ಇದೂಮಿಯಾ ಗೆದ್ದ. ಸುನ್ನತಿ ಮಾಡಿಸಿಕೊಂಡು ನಮ್ಮ ಕಟ್ಟಳೆ ಪಾಲಿಸುವುದಾದರೆ ಇರಿ, ಇಲ್ಲವೇ ಜಾಗ ಬಿಡಿ ಎಂದ. ಜನ ಒಪ್ಪಿಕೊಂಡರು, ‘ಅಂದಿನಿಂದ ಅವರು ಇಯೂದಾಯೊಯ್’ ಎಂದು 1ನೇ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಜೋಸೆಫಸ್ ತಾನೂ ಜೆರುಸಲೇಮಿನ ಪುರೋಹಿತ ಮನೆತನದವನು. ಒಂದು ಜನಾಂಗಕ್ಕೆ ಜನಾಂಗವೇ ಹೆಸರು ಬದಲಿಸಿಕೊಂಡಿತು, ಆದರೆ ಊರುಗಳು ಇದ್ದಲ್ಲೇ ಇದ್ದವು.

ಆ ಇದೂಮಿಯಾದ ಮನೆತನದಿಂದಲೇ ಹೆರೋದ ಬಂದ. ಸಿಂಹಾಸನಕ್ಕೆ ಪೈಪೋಟಿ ನಡೆದಾಗ ಎದುರಾಳಿ ಅಂತಿಗೋನಸ್ ಅವನನ್ನು ಹಂಗಿಸಿದ್ದು ‘ಅರೆ-ಇಯೂದಾಯೊಸ್’ ಎಂದು. ಗ್ರೀಕಿನಲ್ಲಿ ಒಂದೇ ಪದ, ‘ಹೇಮಿಇಯೂದಾಯೊಸ್’. ಅದೇ ಹೆರೋದ ಸತ್ತು ದಶಕಗಳಾದ ಮೇಲೆ ಅವನು ಕಟ್ಟಿಸಿದ ಕೈಸರೈಯ ಪಟ್ಟಣದಲ್ಲಿ ಗಲಾಟೆ ಎದ್ದಿತು. ಅಲ್ಲಿನ ಇಯೂದಾಯೊಯ್ ಹೇಳಿದ್ದು, ಕಟ್ಟಿಸಿದ ದೊರೆ ನಮ್ಮವನು, ಆದ್ದರಿಂದ ಪಟ್ಟಣ ನಮ್ಮದು. ಗ್ರೀಕರು ಹೇಳಿದ್ದು, ನಿಮಗಾಗಿ ಕಟ್ಟಿಸಿದ್ದರೆ ಇಷ್ಟೊಂದು ವಿಗ್ರಹ, ಇಷ್ಟೊಂದು ಗುಡಿ ಯಾಕೆ ಕಟ್ಟಿಸುತ್ತಿದ್ದ? ಬೇಡವಾದಾಗ ಅರ್ಧ, ಬೇಕಾದಾಗ ಪೂರ್ತಿ. ಇದು ಯಾವ ಕಾಲದ ರಾಜಕೀಯಕ್ಕೂ ಹೊಸದೇನಲ್ಲ ಬಿಡಿ.

ಇನ್ನು ಇಜಾಟೆಸ್. ಇವತ್ತಿನ ಉತ್ತರ ಇರಾಕಿನಲ್ಲಿದ್ದ ಅದಿಯಾಬೇನೆ ಎಂಬ ರಾಜ್ಯದ ಅರಸ. ಇಯೂದಾಯಾಕ್ಕೂ ಅವನಿಗೂ ಏನೂ ಸಂಬಂಧ ಇಲ್ಲ. ಆದರೆ ಅವರ ದೇವರು, ಅವರ ಕಟ್ಟಳೆ ಮನಸ್ಸಿಗೆ ಹಿಡಿಯಿತು. ಸುನ್ನತಿ ಆಗದೆ ತಾನು ಗಟ್ಟಿ ಇಯೂದಾಯೊಸ್ ಆಗುವುದಿಲ್ಲ ಎಂದುಕೊಂಡ. ತಾಯಿ ಹೆಲೆನಾಗೆ ಹೆದರಿಕೆ. ಆಕೆಗೂ ಅದೇ ನಂಬಿಕೆ ಇತ್ತು, ಆದರೂ ಇಯೂದಾಯೊಸ್ ಒಬ್ಬ ತಮ್ಮನ್ನು ಆಳುವುದನ್ನು ಪ್ರಜೆಗಳು ಸಹಿಸಲ್ಲ ಎಂದಳು. ಅರಮನೆಗೆ ಬರುತ್ತಿದ್ದ ವ್ಯಾಪಾರಿ ಅನನೀಯ, ಅದು ಇಲ್ಲದೆಯೂ ದೇವರನ್ನು ಪೂಜಿಸಬಹುದು ಎಂದ. ಗಲಿಲಾಯದಿಂದ ಬಂದ ಎಲಿಯಾಜರ್ ಎಂಬ ಇನ್ನೊಬ್ಬ, ಅದೆಲ್ಲ ನಡೆಯಲ್ಲ ಎಂದ. ಅರಸ ಮಾಡಿಸಿಕೊಂಡೇಬಿಟ್ಟ. ಇಲ್ಲಿ ‘ಇಯೂದಾಯಾ ನಾಡಿನವನು’ ಎಂದು ಅನುವಾದಿಸಿದರೆ ಕಥೆಯೇ ಅರ್ಥವಾಗುವುದಿಲ್ಲ. ಅವನು ಆಳುತ್ತಿದ್ದದ್ದು ಇರಾಕಿನಲ್ಲಿ!

3ನೇ ಶತಮಾನದಲ್ಲಿ ರೋಮಿನ ಇತಿಹಾಸ ಬರೆದ ಕ್ಯಾಸಿಯಸ್ ಡಿಯೋ ಇದನ್ನು ಕಂಡು ತಲೆ ಕೆರೆದುಕೊಂಡಿದ್ದಾನೆ. ಈ ಹೆಸರು ಅವರಿಗೆ ಹೇಗೆ ಬಂತೋ ಗೊತ್ತಿಲ್ಲ, ಆದರೆ ಬೇರೆ ಜನಾಂಗದವರಾದರೂ ಅವರ ಕಟ್ಟಳೆ ಪಾಲಿಸುವವರಿಗೆಲ್ಲ ಇದೇ ಹೆಸರು ಎಂದು ಬರೆದ.

[ಪರದೆ: ನೆರ್ವಾನ ನಾಣ್ಯ, ಹಿಂಬದಿಯಲ್ಲಿ ತಾಳೆಮರ]

ಈ ಗೊಂದಲ ಸರ್ಕಾರದ ಕಚೇರಿಗೆ ಬಂದಾಗ ಏನಾಯಿತು ನೋಡಿ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಸುಟ್ಟರು. ಅದಕ್ಕೂ ಮುಂಚೆ ಗಂಡಸರು ವರ್ಷಕ್ಕೆ ಎರಡು ದ್ರಾಖ್ಮಾ ಆ ದೇವಾಲಯಕ್ಕೆ ಕಳಿಸುತ್ತಿದ್ದರು. ಚಕ್ರವರ್ತಿ ವೆಸ್ಪಾಸಿಯನ್ ಅದನ್ನೇ ತೆರಿಗೆ ಮಾಡಿದ, ಹಣ ರೋಮಿನ ಜುಪಿಟರ್ ಗುಡಿಗೆ. ಹೆಂಗಸರು ಮಕ್ಕಳನ್ನೂ ಸೇರಿಸಿದ. ಈಜಿಪ್ಟಿನಲ್ಲಿ ಈ ತೆರಿಗೆ ಕಟ್ಟಿದ ರಸೀದಿಗಳು, ಮಡಕೆ ಚೂರಿನ ಮೇಲೆ ಬರೆದವು, ರಾಶಿ ಸಿಕ್ಕಿವೆ.

ತೆರಿಗೆ ಅಂದಮೇಲೆ ಯಾರು ಕಟ್ಟಬೇಕು ಅಂತ ಪಟ್ಟಿ ಬೇಕು. ಹುಟ್ಟು ಆ ಜನಾಂಗದ್ದು, ಆಚರಣೆ ಬಿಟ್ಟವನು ಕಟ್ಟಬೇಕಾ? ಹುಟ್ಟು ಬೇರೆ, ಆಚರಣೆ ಇವರದ್ದು, ಅವನು? ಚಕ್ರವರ್ತಿ ಡೊಮಿಷಿಯನ್ ಕಾಲದಲ್ಲಿ ಇಬ್ಬರನ್ನೂ ಹಿಡಿದರು. ಹುಡುಗನಾಗಿದ್ದಾಗ ತಾನು ಕಣ್ಣಾರೆ ಕಂಡದ್ದನ್ನು ರೋಮನ್ ಲೇಖಕ ಸುಯೆಟೋನಿಯಸ್ ಬರೆದಿದ್ದಾನೆ: 90 ವರ್ಷದ ಮುದುಕನನ್ನು ತುಂಬಿದ ಸಭೆಯಲ್ಲಿ ಬಟ್ಟೆ ಬಿಚ್ಚಿಸಿ ಸುನ್ನತಿ ಆಗಿದೆಯಾ ಎಂದು ನೋಡಿದರಂತೆ. 96ರಲ್ಲಿ ಪಟ್ಟಕ್ಕೆ ಬಂದ ನೆರ್ವಾ, ಈ ತೆರಿಗೆ ಹೆಸರಿನ ಅನ್ಯಾಯ ನಿಂತಿತು ಎಂದು ನಾಣ್ಯ ಹೊಡೆಸಿದ. ತೆರಿಗೆ ಮಾತ್ರ ನಿಲ್ಲಲಿಲ್ಲ.

[ಪರದೆ: ಶಿಲುಬೆಯ ಮೇಲಿನ ಫಲಕ, ಮೂರು ಲಿಪಿ]

ಈಗ ಜಗಳದ ಕೇಂದ್ರಕ್ಕೆ ಬರೋಣ, ಹೊಸ ಒಡಂಬಡಿಕೆ. ಯೇಸುವಿನ ಶಿಲುಬೆಯ ಮೇಲೆ ರೋಮನ್ ಅಧಿಪತಿ ಪಿಲಾತ ಹಾಕಿಸಿದ ಫಲಕ ‘ಇಯೂದಾಯೊಯ್ ಅರಸ’. ಮಾರ್ಕನ ಸುವಾರ್ತೆಯಲ್ಲಿ ಒಂದು ಸಣ್ಣ ವ್ಯತ್ಯಾಸ ಇದೆ. ರೋಮನ್ ಪಿಲಾತ ಹಾಗೆ ಅಂದರೆ, ಅಲ್ಲೇ ನಿಂತು ಗೇಲಿ ಮಾಡುವ ಮಹಾಯಾಜಕರು ‘ಇಸ್ರಾಯೇಲಿನ ಅರಸ’ ಅನ್ನುತ್ತಾರೆ. ಹೊರಗಿನವರ ಬಾಯಲ್ಲಿ ಒಂದು ಹೆಸರು, ಒಳಗಿನವರ ಬಾಯಲ್ಲಿ ಇನ್ನೊಂದು. ಇದನ್ನೇ ಸೂತ್ರ ಮಾಡಿಕೊಳ್ಳಲು ಆಗಲ್ಲ, ಹಿರ್ಕಾನಸ್‌ನ ನಾಣ್ಯಗಳಲ್ಲಿ ಅವರೇ ತಮ್ಮನ್ನು ಯೆಹೂದಿಗಳು ಎಂದು ಕರೆದುಕೊಂಡಿದ್ದಾರೆ.

ಮತ್ತಾಯ, ಮಾರ್ಕ, ಲೂಕ ಒಬ್ಬೊಬ್ಬರೂ ಈ ಪದ ಬಳಸುವುದು ಹತ್ತಕ್ಕಿಂತ ಕಡಿಮೆ ಸಲ. ಯೋಹಾನನಲ್ಲಿ ಹತ್ತಿರ ಹತ್ತಿರ 70 ಸಲ! ಅದೂ ಬಹಳ ಕಡೆ ಎದುರಾಳಿಗಳ ಹೆಸರಾಗಿ. 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನ ತಂದೆತಾಯಿ ‘ಇಯೂದಾಯೊಯ್‌ಗೆ ಹೆದರಿ’ ಬಾಯಿ ಬಿಡುವುದಿಲ್ಲ. ಆದರೆ ಆ ತಂದೆತಾಯಿ ಯಾರು? ಅವರೂ ಅದೇ ಜನ. ಯೇಸುವೂ ಅಷ್ಟೇ, ಸಮಾರ್ಯದ ಹೆಂಗಸು ಬಾವಿಯ ಹತ್ತಿರ ಅವನನ್ನು ಕರೆಯುವುದೇ ಇಯೂದಾಯೊಸ್ ಎಂದು. ಹಾಗಾಗಿ ಹಲವು ಅನುವಾದಗಳು ಇಂಥ ಕಡೆ ‘ಅಧಿಕಾರಿಗಳು’, ‘ಮುಖಂಡರು’ ಎಂದು ಹಾಕುತ್ತವೆ. ಯಾಕೆಂದರೆ ‘ಯೆಹೂದ್ಯರು’ ಎಂದು ಇದ್ದಹಾಗೆ ಓದಿಕೊಂಡು ಯುರೋಪಿನಲ್ಲಿ ನೂರಾರು ವರ್ಷ ಇಡೀ ಜನಾಂಗದ ಮೇಲೆ ಯೇಸುವಿನ ಸಾವಿನ ಹೊಣೆ ಹೊರಿಸಿದರು. ಎಲ್ಲರ ಮೇಲೂ ಹೊರಿಸಲಾಗದು ಎಂದು ವ್ಯಾಟಿಕನ್ ಸಭೆ ಬರೆದುಕೊಟ್ಟದ್ದು 1965ರಲ್ಲಿ.

2007ರಲ್ಲಿ ಸ್ಟೀವ್ ಮೇಸನ್ ಎಂಬ ಪಂಡಿತ ವಾದ ಮಾಡಿದ: ಆ ಕಾಲದಲ್ಲಿ ‘ಧರ್ಮ’ ಎಂಬ ಬೇರೆ ಖಾನೆಯೇ ಇರಲಿಲ್ಲ, ದೇವರು, ಕಾನೂನು, ನಾಡು, ಊಟ ಎಲ್ಲ ಒಂದೇ ಕಟ್ಟು, ಹಾಗಾಗಿ ಎಲ್ಲ ಕಡೆಯೂ ‘ಜುಡಿಯನ್’, ಅಂದರೆ ಇಯೂದಾಯಾ ನಾಡಿನವನು, ಎಂದೇ ಅನುವಾದಿಸಬೇಕು. ಶೇ ಕೋಹೆನ್ ಅದಕ್ಕೂ ಮುಂಚೆಯೇ, ಮಕ್ಕಬಿಯರ ಕಾಲದಿಂದ ಪದ ಬದಲಾಯಿತು, ಅಲ್ಲಿಂದ ಮುಂದೆ ಸೇರಿಕೊಂಡವರಿಗೂ ಸಲ್ಲುತ್ತದೆ ಎಂದಿದ್ದರು. 2014ರಲ್ಲಿ ಅಡೇಲ್ ರೈನ್‌ಹಾರ್ಟ್ಸ್ ಕೇಳಿದ್ದು ಬೇರೆಯೇ ಪ್ರಶ್ನೆ: ಹೀಗೆ ಅಳಿಸುತ್ತಾ ಹೋದರೆ ಹಳೆಯ ಪಠ್ಯಗಳಿಂದ ಯೆಹೂದಿಗಳೇ ಮಾಯವಾಗುವುದಿಲ್ಲವೇ?

ನನಗೆ ಈ ಪ್ರಶ್ನೆಯೇ ಜಾಸ್ತಿ ತೂಕದ್ದು ಅನ್ನಿಸುತ್ತದೆ. ಮೇಸನ್ ಹೇಳುವ ‘ಒಂದೇ ಕಟ್ಟು’ ಎಂಬ ಮಾತು ನಿಜ. ಆದರೆ ಯೆಹೂದಿ ಎಂಬ ಪದದಲ್ಲೂ ಜನ, ನಂಬಿಕೆ, ಪೂರ್ವಿಕರ ನಾಡು ಒಟ್ಟಿಗೇ ಇವೆಯಲ್ಲ, ಬೇರೆ ಪದ ಯಾಕೆ ಬೇಕು? ಯೋಹಾನನಲ್ಲಿ ಯಾರು ಯಾರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಒಂದು ಅಡಿಟಿಪ್ಪಣಿ ಹಾಕಿದರೆ ಸಾಕು, ಪದ ಇರಲಿ.

[ಪರದೆ: ಇಜ್ಮಿರ್, ಹಿಂದಿನ ಸ್ಮಿರ್ನಾ]

ಇನ್ನೊಂದು ಕಲ್ಲು ತೋರಿಸಿ ಬಿಡುತ್ತೇನೆ. ಟರ್ಕಿಯ ಇಜ್ಮಿರ್‌ನಲ್ಲಿ, ಚಕ್ರವರ್ತಿ ಹಾಡ್ರಿಯನ್ ಕಾಲದ್ದು. ಊರಿನ ಕೆಲಸಕ್ಕೆ ದೇಣಿಗೆ ಕೊಟ್ಟವರ ಪಟ್ಟಿ. ಅದರಲ್ಲಿ ಒಂದು ಸಾಲು: ‘ಹೊಯ್ ಪೊಟೆ ಇಯೂದಾಯೊಯ್, 10,000’. ಪೊಟೆ ಅಂದರೆ ಹಿಂದೊಮ್ಮೆ. ಹಿಂದೆ ಯೆಹೂದಿಗಳಾಗಿದ್ದು ಈಗ ಬಿಟ್ಟವರು ಎಂದು ಕೆಲವರು ಓದಿದರು. ಹಿಂದೆ ಇಯೂದಾಯಾದಲ್ಲಿದ್ದು ಈಗ ಇಲ್ಲಿ ನೆಲೆಸಿದವರು ಎಂದು ಇನ್ನು ಕೆಲವರು. ನನ್ನ ಒಲವು ಎರಡನೆಯದಕ್ಕೆ. ತಮ್ಮ ಜನವನ್ನು ಬಿಟ್ಟವರು ಅದೇ ಹೆಸರಿನಲ್ಲಿ ಗುಂಪು ಕಟ್ಟಿಕೊಂಡು ದುಡ್ಡು ಕೊಟ್ಟು ಊರ ನಡುವೆ ಕೆತ್ತಿಸಿಕೊಳ್ಳುತ್ತಾರೆ ಅಂತ ನಂಬುವುದು ಕಷ್ಟ. ಹತ್ತು ಸಾವಿರ ಕೊಟ್ಟವರು ಇನ್ನೊಂದೇ ಒಂದು ಪದ ಜಾಸ್ತಿ ಕೆತ್ತಿಸಿದ್ದರೆ ಪಂಡಿತರಿಗೆ ಈ ಕಷ್ಟ ಇರುತ್ತಿರಲಿಲ್ಲ. ನಿಮ್ಮ ಓದು ಯಾವುದು, ಕಾಮೆಂಟಿನಲ್ಲಿ ಬರೆಯಿರಿ.