ಎರಡು ಚಾಪೆಯ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜಪಾನಿನ ಕ್ಯೋಟೋ ನಗರದ ಹತ್ತಿರ ಯಾಮಾಜಾಕಿ ಎಂಬ ಊರಿದೆ. ಅಲ್ಲಿನ ಮ್ಯೋಕಿಯಾನ್ ಬೌದ್ಧ ದೇಗುಲದ ಆವರಣದಲ್ಲಿ ಒಂದು ಪುಟ್ಟ ಚಹಾಮನೆ, ಅಂದರೆ ಅತಿಥಿಗಳಿಗೆ ವಿಧಿಬದ್ಧವಾಗಿ ಚಹಾ ಕೊಡುವ ಮನೆ, ಹೆಸರು ತಾಯಿಯಾನ್. 1582ರ ಸುಮಾರಿಗೆ ಚಹಾ ವಿಧಿಯ ಗುರು ಸೆನ್ ನೊ ರಿಕ್ಯೂ ಕಟ್ಟಿಸಿದ್ದು ಎನ್ನುತ್ತಾರೆ. ಒಳಗೆ ಹಾಸಿರುವುದು ಎರಡೇ ಎರಡು ತತಾಮಿ ಚಾಪೆ. ಇಬ್ಬರು ಮೂವರು ಮಂಡಿ ಮಡಚಿ ಕೂತರೆ ಜಾಗ ಮುಗಿಯಿತು.

ಬಾಗಿಲಾದರೂ ಎಷ್ಟು? ಸುಮಾರು ಎರಡೂವರೆ ಅಡಿ ಎತ್ತರ, ಅಷ್ಟೇ. ಎಂಥ ಸಮುರಾಯಿ ಬಂದರೂ ಕತ್ತಿಯನ್ನು ಹೊರಗಿಟ್ಟು, ತಲೆ ತಗ್ಗಿಸಿ ತೆವಳಿಕೊಂಡೇ ಒಳಗೆ ಬರಬೇಕು. ಗೋಡೆ ಬರೀ ಮಣ್ಣಿನದು, ಕಲಸುವಾಗ ಸೇರಿಸಿದ ಹುಲ್ಲಿನ ಎಳೆಗಳು ಮೇಲೆಯೇ ಕಾಣುತ್ತವೆ. ಕಿಟಕಿ ಮಾಡಿದ ರೀತಿಯಂತೂ ನನಗೆ ತುಂಬ ಇಷ್ಟ. ತಡಿಕೆಗೆ ಮಣ್ಣು ಮೆತ್ತುತ್ತಾ ಬಂದು, ಬೇಕಾದಷ್ಟು ಜಾಗವನ್ನು ಮೆತ್ತದೆ ಹಾಗೇ ಬಿಟ್ಟಿದ್ದಾರೆ. ಅದೇ ಕಿಟಕಿ!

ಈ ರುಚಿ ಮುಂದೆ ಅರಮನೆಗೂ ಹತ್ತಿತು. 17ನೇ ಶತಮಾನದಲ್ಲಿ ರಾಜಮನೆತನದವರು ಕ್ಯೋಟೋದಲ್ಲಿ ಕಟ್ಟಿಸಿದ ಕತ್ಸುರಾ ವಿಹಾರಮಂದಿರದ ತೋಟದಲ್ಲಿ ಹಲವು ಚಹಾಮನೆಗಳಿವೆ. ಒಂದರ ಒಳಗೋಡೆಗೆ ನೀಲಿ-ಬಿಳಿ ಚೌಕಳಿ ಕಾಗದ ಅಂಟಿಸಿದ್ದಾರೆ. ಇವತ್ತಿನ ಕೆಲಸ ಅನ್ನಬೇಕು, ಹಾಗಿದೆ. ಹಿಟ್ಲರನ ಜರ್ಮನಿ ಬಿಟ್ಟು ಬಂದ ವಾಸ್ತುಶಿಲ್ಪಿ ಬ್ರೂನೋ ಟೌಟ್ 1933ರಲ್ಲಿ ಕತ್ಸುರಾ ನೋಡಿ ಬೆರಗಾದರು. ಜರ್ಮನಿಯಲ್ಲಿ ಬೌಹೌಸ್ ಎಂಬ ವಿನ್ಯಾಸ ಶಾಲೆ ಕಟ್ಟಿದ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 1954ರಲ್ಲಿ ಬಂದರು. ಚಾಪೆಯ ಅಳತೆಗೆ ಕೂಡಿಸಿದ ಕೋಣೆ, ಸರಿಸಿದರೆ ಇಲ್ಲವಾಗುವ ಗೋಡೆ, ಬಣ್ಣ ಕಾಣದ ಮರ. ಯುರೋಪಿನಲ್ಲಿ ತಾವು ಹೊಸದೆಂದು ಹೋರಾಡಿದ್ದೆಲ್ಲ ಇಲ್ಲಿ ಮುನ್ನೂರು ವರ್ಷದಿಂದ ಸುಮ್ಮನೆ ಕೂತಿತ್ತು!

ಆದರೆ ಅವರು ಕೊಂಡೊಯ್ದದ್ದು ಅರ್ಧ ಮಾತ್ರ, ನನಗೆ ಹಾಗನಿಸುತ್ತದೆ. ಛಾಯಾಗ್ರಾಹಕ ಯಸುಹಿರೋ ಇಶಿಮೊತೊ ತೆಗೆದ ಕತ್ಸುರಾದ ಚಿತ್ರಗಳು 1960ರಲ್ಲಿ ಪುಸ್ತಕವಾದವು. ಜೊತೆಗೆ ಗ್ರೋಪಿಯಸ್ ಮತ್ತು ಜಪಾನಿನ ವಾಸ್ತುಶಿಲ್ಪಿ ಕೆಂಜೊ ತಾಂಗೆ ಬರೆದ ಲೇಖನಗಳು. ಚಿತ್ರಗಳ ತುಂಬ ಕಂಬ, ತೊಲೆ, ಬಿಳಿ ಕಾಗದದ ಚೌಕಗಳು. ಇಳಿಬಿದ್ದ ಸೂರು ಬಹುಪಾಲು ಚೌಕಟ್ಟಿನ ಆಚೆಗೇ ಉಳಿಯಿತು. ಗಾಜು-ಉಕ್ಕಿನ ಮನೆಗಳಿಗೂ ನೇರ ಗೆರೆ ಬಂತು. ಮಣ್ಣು, ಹುಲ್ಲು, ಸೊಟ್ಟ ಕಂಬ ಬರಲಿಲ್ಲ.

ಬಿಟ್ಟುಹೋದದ್ದನ್ನು ಎತ್ತಿಕೊಂಡವರು ತೆರುನೊಬು ಫುಜಿಮೊರಿ, ವಾಸ್ತುಶಿಲ್ಪದ ಇತಿಹಾಸ ಹೇಳಿಕೊಡುತ್ತಿದ್ದ ಮೇಷ್ಟ್ರು. ನಾಗಾನೊ ಪ್ರಾಂತ್ಯದ ಚಿನೊದಲ್ಲಿ, 2004ರಲ್ಲಿ, ಎರಡು ಮರದ ಕಾಂಡ ನೆಟ್ಟು ಅದರ ನೆತ್ತಿಯ ಮೇಲೆ ತಮಗೊಂದು ಚಹಾಮನೆ ಕಟ್ಟಿಕೊಂಡರು. ಹೆಸರು ತಕಾಸುಗಿಯಾನ್, ಅಂದರೆ 'ತೀರಾ ಎತ್ತರದ ಮನೆ'. ಏಣಿ ಹತ್ತಿ, ನಡುವೆ ಚಪ್ಪಲಿ ಬಿಟ್ಟು, ಮತ್ತೆ ಏಣಿ ಹತ್ತಿ ಒಳಗೆ ನುಸುಳಬೇಕು. ಗಾಳಿ ಬೀಸಿದರೆ ಕೈಯಲ್ಲಿನ ಬಟ್ಟಲಿನ ಜೊತೆ ಮನೆಯೂ ಮೆಲ್ಲಗೆ ತೂಗುತ್ತದೆ.

ನಮಸ್ಕಾರ.