ಕಲ್ಲು ಎಲ್ಲಿದೆ ಅಂತ ಮೊದಲು ಕೇಳಿ

ನಮಸ್ಕಾರ. ಹಿಂದಿನ ಸಾಲಿಗೂ ಕೇಳಿಸುತ್ತಿದೆ ಅಲ್ವಾ?

ಹೊಟ್ಟೆಯಲ್ಲಿ ಕಲ್ಲು ಅಂದರೆ ಸಾಕು, ನಮ್ಮಲ್ಲಿ ಮನೆಗೊಬ್ಬ ಡಾಕ್ಟರ್. ಬಾಳೆದಿಂಡಿನ ರಸ ಕುಡಿಯಿರಿ ಅಂತಾರೆ. ನನಗೆ ಬಾಳೆದಿಂಡಿನ ಮೇಲೆ ಸಿಟ್ಟಿಲ್ಲ, ಪಲ್ಯ ಮಾಡಿದರೆ ಎರಡು ಸಲ ಬಡಿಸಿಕೊಳ್ಳುತ್ತೇನೆ. ಆದರೆ ಕಲ್ಲು ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಕಿಡ್ನಿಯ ದಾರಿ ಬೇರೆ, ಪಿತ್ತದ ದಾರಿ ಬೇರೆ.

ಒಬ್ಬರು ಅಡಿಕೆ ಬೆಳೆಗಾರರು. ಪಿತ್ತಕೋಶದಲ್ಲಿ ಕಲ್ಲು ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿತ್ತು. ಮೂರು ತಿಂಗಳು ದಿಂಡಿನ ರಸ ಕುಡಿದರು. ಒಂದು ದಿನ ಕಣ್ಣು ಹಳದಿಯಾಯಿತು. ಸರಿ, ಕಾಮಾಲೆಗೆ ನಾಟಿ ಔಷಧಿ, ಉಪ್ಪಿಲ್ಲದ ಪಥ್ಯ. ಮೂತ್ರ ಡಿಕಾಕ್ಷನ್ ಬಣ್ಣ, ಮಲ ಸುಣ್ಣದಂತೆ ಬಿಳಿ, ಮೈಯೆಲ್ಲಾ ತುರಿಕೆ. ಕೊನೆಗೆ ಚಳಿಜ್ವರ ಹತ್ತಿ ಗಡಗಡ ನಡುಗುತ್ತಾ ರಾತ್ರಿ ಹನ್ನೊಂದಕ್ಕೆ ಬಂದರು, ಆಗಲೂ ಹೆಂಡತಿಯ ಚೀಲದಲ್ಲಿ ರಸದ ಬಾಟಲಿ! ಕಲ್ಲು ಪಿತ್ತಕೋಶದಿಂದ ಜಾರಿ, ಪಿತ್ತ ಕರುಳಿಗೆ ಹೋಗುವ ನಾಳದಲ್ಲಿ ಅಡ್ಡ ಕೂತಿತ್ತು. ಹಿಂದೆ ಕಟ್ಟಿಕೊಂಡ ಪಿತ್ತಕ್ಕೆ ಸೋಂಕು. ಹಳದಿ, ಹೊಟ್ಟೆನೋವು, ಚಳಿಜ್ವರ ಮೂರೂ ಸೇರಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಅವರಿಗೆ ಇಆರ್‌ಸಿಪಿ ಮಾಡಿದೆವು, ಅಂದರೆ ಹೊಟ್ಟೆ ಕೊಯ್ಯದೆ ಬಾಯಿಯ ಮೂಲಕವೇ ಆ ನಾಳ ತಲುಪುವ ವಿಧಾನ. ಬಾಯಿಂದ ಬೆರಳು ದಪ್ಪದ, ಕ್ಯಾಮೆರಾ ಇರುವ ಕೊಳವೆ ಹೋಗುತ್ತದೆ. ಮಾಮೂಲಿ ಎಂಡೋಸ್ಕೋಪ್‌ನ ಕಣ್ಣು ಮುಂದಕ್ಕೆ, ಇದರದ್ದು ಪಕ್ಕಕ್ಕೆ, ಯಾಕೆಂದರೆ ನಾಳದ ಬಾಯಿ ಇರುವುದು ಸಣ್ಣ ಕರುಳಿನ ಪಕ್ಕದ ಗೋಡೆಯಲ್ಲಿ. ಆ ಬಾಯಿಯನ್ನು ಬಿಸಿ ತಂತಿಯಿಂದ ಸ್ವಲ್ಪ ಸೀಳಿ, ಬಲೂನು ತೂರಿಸಿ ಎಳೆದೆವು. ಮೊದಲು ಕೀವು, ಆಮೇಲೆ ಹುಣಸೆ ಬೀಜದಷ್ಟು ಕಲ್ಲು. ಹೀಗೆ ಸೀಳುವುದನ್ನು 1974ರಲ್ಲಿ ಜರ್ಮನಿಯವರೂ ಜಪಾನಿನವರೂ ಬೇರೆಬೇರೆಯಾಗಿ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಹೊಟ್ಟೆ ಕೊಯ್ಯದೆ ದಾರಿಯಿರಲಿಲ್ಲ. ಮಾರನೇ ದಿನ ಇವರು ಕೇಳಿದ್ದು ಒಂದೇ: "ಕಲ್ಲು ಕೊಡಿ, ಊರಲ್ಲಿ ತೋರಿಸಬೇಕು." ಅದು ಕರುಳಿಗೆ ಬಿದ್ದಿದೆ ಸ್ವಾಮಿ, ನೀವೇ ಕಾದು ನೋಡಿ ಅಂದೆ.

ಹಾಗಂತ "ಸುಮ್ನೆ ಒಂದ್ಸಲ ಹಾಕಿ ನೋಡಿ" ಅನ್ನುವ ಕೆಲಸ ಇದಲ್ಲ. ನೂರರಲ್ಲಿ ಸುಮಾರು ಐದು ಮಂದಿಗೆ ಆಮೇಲೆ ಮೇದೋಜೀರಕ ಗ್ರಂಥಿ, ಅದೇ ಪ್ಯಾಂಕ್ರಿಯಾಸ್, ಊದಿಕೊಳ್ಳುತ್ತದೆ. ನೋಡುವುದಕ್ಕೆ ಎಂಆರ್‌ಐ ಇದೆ. ತೆಗೆಯುವುದಕ್ಕೆ ಮಾತ್ರ ಇದು.

ಚೀಟಿ ಬಂತು, ಐದೇ ನಿಮಿಷ ಅಂತೆ. ಮೇದೋಜೀರಕದ ಕಲ್ಲು ಉಳಿದೇ ಹೋಯ್ತಲ್ಲ! ಅದು ಬೇರೆ ಜಾತಿ. ಸುಣ್ಣದ ಕಲ್ಲು, ಗಟ್ಟಿ, ಎಳೆದರೆ ಬರುವುದಿಲ್ಲ. ದಕ್ಷಿಣ ಭಾರತದಲ್ಲಿ, ಕೇರಳದಲ್ಲಂತೂ, ಕುಡಿತ ಗೊತ್ತಿಲ್ಲದ ಚಿಕ್ಕ ವಯಸ್ಸಿನವರಲ್ಲೂ ಕಾಣುತ್ತೇವೆ. ಹೊರಗಿನಿಂದಲೇ ಆಘಾತ ತರಂಗ ಕೊಟ್ಟು ಪುಡಿ ಮಾಡುತ್ತೇವೆ, ಆಮೇಲೆ ಬೇಕಾದರೆ ಕೊಳವೆ. ಈ ಯಂತ್ರ ಹುಟ್ಟಿದ್ದು ವಿಮಾನದ ಕಂಪನಿಯಲ್ಲಿ. ಮ್ಯೂನಿಕ್‌ನಲ್ಲಿ 1980ರಲ್ಲಿ ಮೊದಲು ಕಿಡ್ನಿ ಕಲ್ಲಿಗೆ ಬಳಸಿದರು. ನೋಡಿ, ಕೊನೆಗೂ ಕಿಡ್ನಿಗೇ ಬಂದೆ.

ಆ ಅಡಿಕೆಯವರದ್ದು ಒಂದು ಬಾಕಿ. ನಾಳ ಸ್ವಚ್ಛವಾದರೂ ಪಿತ್ತಕೋಶದಲ್ಲಿ ಇನ್ನೂ ಕಲ್ಲಿವೆ, ಪಿತ್ತಕೋಶವನ್ನೇ ತೆಗೆಸಿ ಅಂದಿದ್ದೆ. ಕೊಯ್ಲು ಮುಗೀಲಿ ಡಾಕ್ಟ್ರೇ ಅಂದರು. ಎರಡು ಕೊಯ್ಲು ಆಯಿತು, ಫೋನ್ ಎತ್ತುತ್ತಿಲ್ಲ.